ಸಂಕವ್ವ ಬಂದ ದಾರಿ

ನಮ್ಮೂರಿನಲ್ಲಿ ಪ್ರವಾಸದ ಪುಸ್ತಕ ಓದಲು ಕೂರುವವರು ಮೊದಲು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ, ಆಮೇಲೆ ಕನ್ನಡಕ ಹಾಕಿಕೊಳ್ಳುತ್ತಾರೆ. ಮರುಭೂಮಿಯ ಪುಸ್ತಕವನ್ನು ಹಾಸಿಗೆಯಲ್ಲಿ ಮಲಗಿಕೊಂಡು ಓದಕೂಡದೆಂದು ಹೆಂಡಂದಿರು ಕಟ್ಟಪ್ಪಣೆ ಮಾಡಿದ್ದಾರೆ. ಬೆಳಿಗ್ಗೆ ಮರಳು ಗುಡಿಸುವವರು ಅವರೇ ತಾನೆ. ರೈಲಿನ ಪುಸ್ತಕ ಓದಿದವರ ಕಿವಿಯಲ್ಲಿ ಮಸಿ ಕೂರುತ್ತದೆ. ಹಡಗಿನದನ್ನು ಓದಿದವರಿಗೆ ಎರಡು ದಿನ ಊಟ ಸೇರುವುದಿಲ್ಲ. ಗ್ರಂಥಾಲಯದ ಬಾಗಿಲಲ್ಲಿ ಕಾಲು ತೊಳೆಯಲೆಂದು ಕಲ್ಲಿನ ಬಾನಿ ಇಟ್ಟಿದ್ದೇವೆ. ಅದರ ನೀರು ಹರಿಯುವ ಕಡೆ ಬದನೆ ಗಿಡ ಹಾಕಿದ್ದೇವೆ. ಎಷ್ಟು ಸೀಮೆಯ ಮಣ್ಣು ಅಲ್ಲಿ ಬಂದು ಬಿದ್ದಿದೆಯೋ, ಒಂದೊಂದು ಕಾಯಿಯೂ ಒಂದು ಸಂಸಾರಕ್ಕೆ ಸಾಕಾಗುವಷ್ಟು ದೊಡ್ಡದು.

ಆ ಗ್ರಂಥಾಲಯವನ್ನು ಮೂವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿರುವವನು ನಾನು, ವೆಂಕೋಬ. ಜನ ಮರ್ಯಾದೆಗೆ ರಾಯರು ಅನ್ನುತ್ತಾರೆ. ನನ್ನ ಹೆಂಡತಿ ಭಾಗೀರಥಿ ಮಾತ್ರ ನನಗೆ ಬಾಯಿ ಜಾಸ್ತಿ ಅನ್ನುತ್ತಾಳೆ. ಅವಳ ಮಾತು ಎಷ್ಟು ನಿಜವೆಂದು ಈ ಕಥೆ ಹೇಳಿ ಮುಗಿಸುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ನಮ್ಮಲ್ಲಿ ಮೂಲದವರು ಅಂತ ಯಾರೂ ಇಲ್ಲ. ಎಲ್ಲರೂ ಎಲ್ಲಿಂದಲೋ ಬಂದವರೇ. ಹೀಗೆ ಬಂದ ಪ್ರತಿಯೊಂದು ಮನೆತನವೂ ತಾನು ಬಂದ ದಾರಿಯನ್ನು ಬರೆದುಕೊಡಬೇಕು. ಆ ಪುಸ್ತಕಕ್ಕೆ ‘ಬಂದ ದಾರಿ’ ಎಂದೇ ಹೆಸರು. ಊರ ಹೊರಗಿನ ಬಾವಿ ಕಟ್ಟೆಗೆ ತಲುಪಿದೆವು ಎಂಬಲ್ಲಿಗೆ ಅದು ಮುಗಿಯಬೇಕು, ಏಕೆಂದರೆ ಬಾವಿಯಿಂದ ಈಚೆಗೆ ನಮ್ಮೂರು. ನಾಲ್ವರು ಓದುಗರು ಬರಿಗಾಲಲ್ಲಿ ಅದನ್ನು ಓದುತ್ತಾರೆ. ಆಮೇಲೆ ಗ್ರಂಥಾಲಯದ ನಡುಮನೆಯಲ್ಲಿ ಒದ್ದೆ ಮಾಡಿದ ಬಿಳಿ ಪಂಚೆ ಹಾಸಿ, ಅದರ ಮೇಲೆ ಆ ನಾಲ್ವರನ್ನೂ ನಡೆಸುತ್ತೇವೆ. ಪಂಚೆಯ ಮೇಲೆ ದಾರಿಯ ಧೂಳು ಮೂಡಿದರೆ ಪುಸ್ತಕಕ್ಕೆ ಕಪಾಟಿನಲ್ಲಿ ಒಂದು ನಂಬರು, ಬಂದವರಿಗೆ ಊರಿನಲ್ಲಿ ಒಂದು ಮನೆ. ಮೂಡದಿದ್ದರೆ ಅವರು ಮುಂದಿನ ಊರಿನ ದಾರಿ ಹಿಡಿಯಬೇಕು. ನಾನು ಕಂಡಂತೆ ಒಬ್ಬನೇ ಹಾಗೆ ಹೋಗಿದ್ದಾನೆ. ಯಾರದೋ ದಾರಿಯನ್ನು ಕದ್ದು ಬರೆದಿದ್ದ. ನನ್ನ ಮುತ್ತಾತನದು ಹನ್ನೊಂದನೇ ನಂಬರು. ಅದನ್ನು ಓದಿದವರ ಹಿಮ್ಮಡಿಗೆ ಇವತ್ತಿಗೂ ಜಾಲಿಮುಳ್ಳು ನೆಡುತ್ತದೆ, ಅದು ನಮ್ಮ ಮನೆತನದ ಹೆಮ್ಮೆ.

ಆ ಹೆಮ್ಮೆ ಹೊತ್ತುಕೊಂಡೇ ಒಂದು ಸಂಜೆ ವಾಯುವಿಹಾರಕ್ಕೆಂದು ಬಾವಿ ಕಟ್ಟೆಯ ಕಡೆಗೆ ಹೋಗಿದ್ದೆ. ಅಲ್ಲಿ ಗಂಡ ಹೆಂಡತಿ ಇಬ್ಬರು ಕೂತಿದ್ದರು, ಜೊತೆಯಲ್ಲಿ ಒಂದು ಗಂಟು. ಹೆಂಗಸಿಗೆ ಐವತ್ತರ ಹತ್ತಿರ ವಯಸ್ಸು, ಹಣೆ ತುಂಬ ಕುಂಕುಮ. ಗಂಡಸು ನನ್ನನ್ನು ನೋಡಿ ಎದ್ದು ನಿಂತು ಕೈ ಮುಗಿದ, ಮಾತಾಡಲಿಲ್ಲ. ಮಾತೆಲ್ಲ ಅವಳದೇ. ಹೆಸರು ಸಂಕವ್ವ, ಗಂಡ ದ್ಯಾಮಣ್ಣ. ಅವರ ಊರಿನ ಹೊಳೆ ಒಂದು ದಿನ ಬೇಸರ ಮಾಡಿಕೊಂಡು ಬೇರೆ ಕಡೆ ಹರಿಯಲು ಶುರುಮಾಡಿತ್ತಂತೆ. ಜನರೂ ಒಬ್ಬೊಬ್ಬರಾಗಿ ಒಂದೊಂದು ದಿಕ್ಕು ಹಿಡಿದರಂತೆ.

“ಇಲ್ಲೇ ಇರಬೇಕಂತ ಆಸೆ ಆಗೇತ್ರಿ,” ಅಂದಳು ಸಂಕವ್ವ. “ಊರ ಹೆಸರು ಕೇಳಿ ಬಂದೀವಿ. ರೊಟ್ಟಿ ಬಡದು ಹೊಟ್ಟಿ ಹೊರಕೋತೀನ್ರಿ. ನಮ್ಮನ್ನ ಇಟಗೋತೀರೇನು?”

ಇಂಥ ಪ್ರಶ್ನೆಗೆ ನೀರು ಬೇಕೇ, ಊಟ ಆಯಿತೇ ಎಂದು ಕೇಳುವುದು ಮನುಷ್ಯರ ಲಕ್ಷಣ. ನಾನು ಭಾಷಣ ಮಾಡಿದೆ. “ನೋಡಮ್ಮ, ಇದು ನಡೆದು ಬಂದವರ ಊರು. ನಮ್ಮ ಹಿರಿಯರೆಲ್ಲ ಕಾಲು ಸವೆಸಿಕೊಂಡು ಬಂದವರು. ನಡೆದು ಬಂದವರಿಗೆ ಮಾತ್ರ ಇಲ್ಲಿ ಜಾಗ,” ಅಂದೆ. ಆಮೇಲೆ ಮುತ್ತಾತನ ಜಾಲಿಮುಳ್ಳಿನ ಕಥೆಯನ್ನೂ ಪೂರ್ತಿ ಹೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನಡೆದು ಬಂದವರಿಗೆ ಮಾತ್ರ ಎಂದದ್ದು ಯಾವ ನಿಯಮದಲ್ಲೂ ಇಲ್ಲ. ಮಾತಿಗೆ ಒಂದು ತೂಕ ಬರಲಿ ಅಂತ ಹಾಗೆ ಅಂದೆ, ಅಷ್ಟೆ.

ಮರುದಿನ ಅವರಿಗೆ ಧರ್ಮಛತ್ರದ ಜಗಲಿ ಕೊಟ್ಟೆವು, ಒಂದು ತಿಂಗಳ ವಾಯಿದೆ. ಸಂಕವ್ವ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಳು, ಮಧ್ಯಾಹ್ನ ಗೋಡೆಗೆ ಒರಗಿ ನಿಂತು ಬರೆಯುತ್ತಿದ್ದಳು. ಐದನೇ ಕ್ಲಾಸು ಓದಿದ್ದಳು, ಅಕ್ಷರ ದುಂಡಗಿತ್ತು. ನಮ್ಮ ಬಾನಿಯ ಬದನೆಕಾಯಿಯನ್ನೇ ಒಯ್ದು ಎಣ್ಣೆಗಾಯಿ ಮಾಡಿ ರೊಟ್ಟಿಯ ಜೊತೆ ಕೊಟ್ಟಳು ನೋಡಿ, ಒಂದೇ ವಾರದಲ್ಲಿ ಅರ್ಧ ಊರು ಅವಳ ಜಗಲಿಯ ಮುಂದೆ ನಿಂತಿತು. ದ್ಯಾಮಣ್ಣ ಮಂಡಿಯಲ್ಲಿ ಮೂಟೆ ಹೊತ್ತು ಬಂದು, ಅವಳು ಬರೆಯುವಾಗ ಒಲೆ ಆರದ ಹಾಗೆ ನೋಡಿಕೊಳ್ಳುತ್ತಿದ್ದ. ಅವರು ಊರಲ್ಲಿ ಉಳಿಯಬೇಕು ಅಂತ ನನಗೆ ಆಗಲೇ ಮನಸ್ಸಿಗೆ ಬಂದುಬಿಟ್ಟಿತ್ತು. ಎಣ್ಣೆಗಾಯಿಗಾಗಿ ಅಂತ ಭಾಗೀರಥಿ ಹಂಗಿಸಿದಳು. ಇರಬಹುದು.

ಅರವತ್ತೆರಡು ಪುಟದ ಪುಸ್ತಕ ಸರಿಯಾಗಿ ಇಪ್ಪತ್ತನೇ ದಿನ ಕೈಗೆ ಬಂತು. ಮೊದಲು ಓದಿದವರು ನಮ್ಮ ಹಿರಿಯ ಓದುಗರಾದ ಅಂಬಕ್ಕ ಟೀಚರ್, ನಿವೃತ್ತ ಹೆಡ್‌ಮಿಸ್ಟ್ರೆಸ್. ಊರಿನ ಗಂಡಸರೆಲ್ಲ ಇವತ್ತಿಗೂ ಅವರನ್ನು ಕಂಡರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಎರಡು ದಿನ ಇಟ್ಟುಕೊಂಡು ಬಳೆ ಅಂಗಡಿಯ ಖಾದರ್ ಸಾಬರಿಗೆ ಕೊಟ್ಟರು. ಸಾಬರಿಂದ ಗಡಿಯಾರ ರಿಪೇರಿಯ ಜಿನ್ನಪ್ಪನಿಗೆ ಹೋಯಿತು. ನಾಲ್ಕನೆಯವನು ನಾನು. ತೀರ್ಪಿನ ಮೊದಲು ಓದುಗರು ಪುಸ್ತಕದ ಬಗ್ಗೆ ತಮ್ಮಲ್ಲಿ ಮಾತಾಡಬಾರದು, ಅದು ಮಾತ್ರ ನಿಜವಾದ ನಿಯಮ.

ಆ ದಿನಗಳಲ್ಲಿ ನಾನು ಒಂದೆರಡು ವಿಚಿತ್ರ ನೋಡಿದೆ, ಆದರೆ ತಲೆಗೆ ಹೋಗಲಿಲ್ಲ. ಅಂಬಕ್ಕ ಗೇಟಿನ ಬಳಿ ನಿಂತುಕೊಂಡೇ ಪೇಪರ್ ಓದುತ್ತಿದ್ದರು. ಖಾದರ್ ಸಾಬರು ಗಾದಿಯ ಮೇಲೆ ಕೂರದೆ ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡುತ್ತ ಬಳೆ ತೊಡಿಸುತ್ತಿದ್ದರು. ಜಿನ್ನಪ್ಪ ಗಡಿಯಾರದ ಮೇಜನ್ನು ನಾಲ್ಕು ಇಟ್ಟಿಗೆ ಮೇಲೆತ್ತಿ ನಿಲ್ಲಿಸಿ, ನಿಂತು ಕೆಲಸ ಮಾಡುತ್ತಿದ್ದ. “ಏನಯ್ಯ ಇದು?” ಅಂದರೆ, “ಸೊಂಟಕ್ಕೆ ಒಳ್ಳೇದಂತೆ ಸ್ವಾಮಿ,” ಅಂದ.

ನಾನು ಓದಿದ್ದು ಮಂಗಳವಾರ, ಬುಧವಾರ. ‘ನಡೆದೆವು, ಹದಿನೆಂಟು ದಿನ ನಡೆದೆವು’ ಎಂದು ಬರೆದಿದ್ದಳು. ಹಾದಿಯ ಮರಗಳಿದ್ದವು, ಯಾರೋ ಮಜ್ಜಿಗೆ ಕೊಟ್ಟದ್ದಿತ್ತು, ಒಂದು ನಾಯಿ ಮೂರು ಊರು ಹಿಂದೆ ಬಂದದ್ದಿತ್ತು. ಬಾವಿ ಕಟ್ಟೆಗೆ ಬಂದು ಮುಗಿಯಿತು. ಆಸೆಯಿಂದ ಬಗ್ಗಿ ಕಾಲು ನೋಡಿಕೊಂಡೆ. ಅಭ್ಯಂಜನ ಮಾಡಿಸಿಕೊಂಡ ಕೂಸಿನ ಪಾದದ ಹಾಗಿತ್ತು. ಒಂದು ಕಣ ಧೂಳಿಲ್ಲ. ಮತ್ತೆ ಮೊದಲಿನಿಂದ ಓದೋಣವೆಂದು ಕುರ್ಚಿಯಲ್ಲಿ ಸರಿಯಾಗಿ ಕೂರಲು ಹೋದವನು ಹಾಗೇ ಮೇಲೆದ್ದೆ. ಕೂರುವ ಜಾಗದಲ್ಲಿ ಉರಿ ಅಂದರೆ ಉರಿ.

ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಐವತ್ತೆಂಟು ವರ್ಷದ ಮನುಷ್ಯನಿಗೆ ಅಂಥ ಜಾಗದಲ್ಲಿ ನೋವು ಬಂದರೆ ಅವನು ಮೊದಲು ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಾನೆ, ಆಮೇಲೆ ಬಾಗಿಲು ಹಾಕಿಕೊಂಡು ಕೊಬ್ಬರಿ ಎಣ್ಣೆ ಹುಡುಕುತ್ತಾನೆ. ನಾನೂ ಅದನ್ನೇ ಮಾಡಿದೆ. ನಿಂತುಕೊಂಡು ಊಟ ಮಾಡುವಾಗ ಭಾಗೀರಥಿ, “ಯಾಕ್ರೀ, ಮದುವೆ ಮನೆಯಲ್ಲಿ ಬಡಿಸೋರ ಹಾಗೆ ನಿಂತಿದ್ದೀರಿ?” ಅಂದಳು. ಪುಸ್ತಕದ ವಿಚಾರವಾಗಿ ಚಿಂತೆ ಅಂದೆ. ಅದೂ ಸುಳ್ಳಲ್ಲ. ಪಂಚೆ ಬೆಳ್ಳಗೇ ಉಳಿದರೆ ಸಂಕವ್ವನ ಒಲೆ ಮತ್ತೆ ಗಂಟು ಸೇರುತ್ತದೆ, ಆ ಇಬ್ಬರೂ ಈ ವಯಸ್ಸಿನಲ್ಲಿ ಇನ್ನೊಂದು ಊರಿನ ಬಾವಿ ಕಟ್ಟೆ ಹುಡುಕಿಕೊಂಡು ಹೋಗಬೇಕು. ಇದನ್ನು ನೆನೆದು ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಒದ್ದೆ ಪಂಚೆ ಹಾಸಿದೆವು. ಜನ ಕಿಟಕಿಯ ತನಕ ತುಂಬಿದ್ದರು. ಅಂಬಕ್ಕ ನಡೆದರು, ಖಾದರ್ ಸಾಬರು ನಡೆದರು, ಜಿನ್ನಪ್ಪ ನಡೆದ, ನಾನು ಬೇಕೆಂದೇ ಕಾಲು ಉಜ್ಜಿ ಉಜ್ಜಿ ನಡೆದೆ. ಪಂಚೆ ಅಗಸರ ಮನೆಯಿಂದ ಬಂದ ಹಾಗೆಯೇ ಇತ್ತು. ನಮಗೆಂದು ಹಾಕಿದ್ದ ನಾಲ್ಕು ಕುರ್ಚಿಗಳ ಪಕ್ಕದಲ್ಲಿ ನಾಲ್ವರೂ ಹೋಗಿ ನಿಂತೆವು.

ಅಂಬಕ್ಕ ಸೆರಗು ಸರಿಮಾಡಿಕೊಂಡರು. “ಸಂಕವ್ವ, ಹದಿನೆಂಟು ದಿನ ನಡೆದೆ ಅಂತ ಬರ್ದಿದ್ದೀಯ. ನಮ್ಮ ನಾಲ್ಕು ಜನರ ಕಾಲಲ್ಲೂ ಚಿಟಿಕೆ ಮಣ್ಣಿಲ್ಲ. ನೀನು ನಡೆದಿಲ್ಲ ಅಂತಾಯ್ತು. ನಿನ್ನ ಕೈಯಡುಗೆ ಉಂಡ ಬಾಯಲ್ಲಿ ಇದನ್ನ ಹೇಳೋಕೆ ನನಗೂ ಕಷ್ಟ ಆಗ್ತಿದೆ. ಆದ್ರೆ ಪಂಚೆ ಹೇಳಿದ ಮೇಲೆ ಮುಗೀತು.”

ಸಂಕವ್ವ ತಲೆ ತಗ್ಗಿಸಿ ನಿಂತಿದ್ದಳು. ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದಳು. ಅವಳ ಹಿಂದೆ ನಿಂತಿದ್ದ ದ್ಯಾಮಣ್ಣ ಮಾತ್ರ ಪಂಚೆಯ ಕಡೆ ನೋಡುತ್ತಲೇ ಇರಲಿಲ್ಲ. ಅವನು ನಮ್ಮನ್ನು ನೋಡುತ್ತಿದ್ದ, ಒಬ್ಬೊಬ್ಬರನ್ನೇ, ತಲೆಯಿಂದ ಕಾಲಿನವರೆಗೆ. ಆಮೇಲೆ ನಾಲ್ಕು ವಾರದಲ್ಲಿ ಮೊದಲ ಸಲ ಬಾಯಿ ತೆರೆದ.

“ಒಂದು ಮಾತು ಕೇಳ್ಲೇನ್ರಿ ಅಕ್ಕಾರ? ಕುರ್ಚಿ ಅದಾವು. ನೀವು ಯಾರೂ ಯಾಕ ಕೂಡವಲ್ರಿ?”

ಅಂಬಕ್ಕ ಗಂಟಲು ಸರಿಮಾಡಿಕೊಂಡರು. “ತೀರ್ಪು ಹೇಳೋವಾಗ ನಿಂತೇ ಹೇಳ್ಬೇಕು.”

“ಹಂಗಲ್ರಿ. ನೀವು ನಿಂತದ್ದು ನೋಡಿ ಕೇಳಿದೆ. ಎಡಗೈ ನಡಾದ ಮ್ಯಾಲ, ಒಂದು ಕಾಲು ಚೂರು ಮುಂದ. ನಾಕೂ ಮಂದಿ ಹಂಗ ನಿಂತೀರಿ. ನಮ್ಮಾಕಿನೂ ದಿನಾ ಸಂಜಿಕ ಸೈಕಲ್ ಇಳದಾಗ ಹಿಂಗ ನಿಂದರತಿದ್ಲು. ಹದಿನೆಂಟು ದಿನ ನೋಡೇನಿ, ನನಗ ಗುರ್ತು ಹತ್ತೂದಿಲ್ಲೇನ್ರಿ?”

ನಾವು ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಎಲ್ಲರ ಎಡಗೈಯೂ ಸೊಂಟದ ಮೇಲೆಯೇ ಇತ್ತು. ಮೊದಲು ಸೋತವನು ಜಿನ್ನಪ್ಪ. “ಅಯ್ಯೋ ದೇವರೆ, ನಾನು ಮೂಲವ್ಯಾಧಿ ಅಂದ್ಕೊಂಡು ನಾಲ್ಕು ದಿನದಿಂದ ಮೂಲಂಗಿ ರಸ ಕುಡೀತಿದ್ದೀನಲ್ಲಪ್ಪ,” ಅಂದ. ಖಾದರ್ ಸಾಬರು ಟೋಪಿ ತೆಗೆದು ಮುಖ ಮುಚ್ಚಿಕೊಂಡರು, ಭುಜ ಕುಲುಕುತ್ತಿತ್ತು. “ನಮ್ಮ ಬೇಗಂ ಕಲ್ಲುಪ್ಪಿನ ಶಾಖ ಕೊಡ್ತಾ ಇದ್ದಾಳೆ,” ಅಂದರು. ಕಿಟಕಿಯ ಹೊರಗಿದ್ದ ಭಾಗೀರಥಿ ಎಲ್ಲರಿಗೂ ಕೇಳುವಂತೆ, “ಅದಕ್ಕೇ ನನ್ನ ಕೊಬ್ಬರಿ ಎಣ್ಣೆ ಬಾಟ್ಲಿ ಖಾಲಿ,” ಅಂದಳು. ಆಮೇಲೆ ನಗು ತಡೆಯುವವರು ಯಾರೂ ಇರಲಿಲ್ಲ. ಅಂಬಕ್ಕ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಕಾದು, ಗಂಭೀರವಾಗಿ, “ನನಗೂ ಇದೆ,” ಅಂದರು. ನಗು ದುಪ್ಪಟ್ಟಾಯಿತು.

ನಗು ನಿಂತ ಮೇಲೆ ಅವರು ಸಂಕವ್ವನ ಕಡೆ ತಿರುಗಿದರು. “ಸೈಕಲ್ಲಲ್ಲಿ ಬಂದವಳು ನಡೆದೆ ಅಂತ ಯಾಕೆ ಬರೆದೆ?”

ಸಂಕವ್ವ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. ಪಾಪ, ಹೇಳಲು ಹಿಂಜರಿದಳು. “ನಡದು ಬಂದವರಿಗೆ ಅಷ್ಟ ಇಲ್ಲಿ ಜಾಗ ಅಂತ ರಾಯರು ಅಂದ್ರು. ಸೈಕಲ್ ಬಾವಿ ಹಿಂದ ನಿಂತಿತ್ತು, ಅದನ್ನ ಅಲ್ಲೇ ಇಟ್ಟಂಗಿ ಭಟ್ಟಿಯಾಗ ಮುಚ್ಚಿಟ್ಟು ಬಂದೀವ್ರಿ. ನಾ ಇಡೀ ದಾರಿ ಹಿಂದಿನ ಕ್ಯಾರಿಯರ್ ಮ್ಯಾಲ ಕುಂತು ಬಂದಾಕಿ. ಕಾಲಿಗೆ ಮಣ್ಣು ಹತ್ತಿಲ್ಲಲ್ಲ, ಅದಕ್ಕ ನಾಚಿಕಿ ಆತು.”

ಇಡೀ ಸಭೆ ನನ್ನನ್ನು ನೋಡಿತು. ಆ ಹೊತ್ತಿನಲ್ಲಿ ನನಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. “ರಾಯರೇ, ಎಲ್ಲಿದೆ ಆ ನಿಯಮ?” ಅಂದರು ಅಂಬಕ್ಕ. ಎಲ್ಲೂ ಇಲ್ಲ, ನಾನೇ ಹೇಳಿದ್ದು, ತಪ್ಪಾಯಿತು ಅಂದೆ. ನಮ್ಮ ಕಪಾಟಿನ ಮೂವತ್ತೊಂದು ವರ್ಷದ ಕಾವಲುಗಾರ ನಾನು. ದಾರಿ ಅಂದರೆ ಕಾಲಿಗೆ ಮಾತ್ರ ಆಗುವ ಸಂಗತಿಯೆಂದು ತಿಳಿದಿದ್ದೆ. ಸಂಕವ್ವನ ಮುಂದೆ ಹೋಗಿ ಕೈ ಮುಗಿದೆ. ಅವಳು ಗಾಬರಿಯಾಗಿ ಹಿಂದೆ ಸರಿದಳು.

ಅಂಬಕ್ಕ ಯೋಚಿಸಿ ಹೇಳಿದರು: “ದಾರಿ ನಿಜ, ಬರೆದದ್ದು ಸುಳ್ಳು. ಸುಳ್ಳು ಪುಸ್ತಕಕ್ಕೆ ನಂಬರು ಕೊಡೋಕಾಗಲ್ಲ. ವಾಯಿದೆ ಇನ್ನೂ ಎರಡು ದಿನ ಇದೆ. ಹೇಗೆ ಬಂದೆಯೋ ಹಾಗೆ ಬರಿ. ಶನಿವಾರ ಇಲ್ಲೇ, ಎಲ್ಲರ ಮುಂದೆ, ನೀನೇ ಓದು. ಈ ಸಲ ನಾವು ನಾಲ್ಕೇ ಜನ ಯಾಕೆ ನರಳಬೇಕು, ಊರೆಲ್ಲ ಸೇರಿ ನೋಡೋಣ.”

ಎರಡು ದಿನ ಜಗಲಿಯಲ್ಲಿ ರೊಟ್ಟಿ ಸದ್ದಿರಲಿಲ್ಲ. ರೊಟ್ಟಿ ಇಲ್ಲ ಅಂತ ಯಾರೂ ಗೊಣಗಲಿಲ್ಲ. ಬದಲಿಗೆ ಒಬ್ಬೊಬ್ಬರ ಮನೆಯಿಂದ ಒಂದೊಂದು ಡಬ್ಬಿ ಅಲ್ಲಿಗೆ ಹೋಯಿತು. ದ್ಯಾಮಣ್ಣ ಭಟ್ಟಿಯಿಂದ ಸೈಕಲ್ ತಂದು ಛತ್ರದ ಮುಂದೆ ನಿಲ್ಲಿಸಿ ಒರೆಸುತ್ತಿದ್ದ. ಹೆಂಡತಿ ಏನು ಬರೆಯುತ್ತಿದ್ದಾಳೆ ಅಂತ ಅವನಿಗೆ ಗೊತ್ತಿರಲಿಲ್ಲ, ಅವನಿಗೆ ಓದು ಬರದು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅವಳು ಪೆನ್ನು ಇಟ್ಟಳು. ಈ ಸಲದ್ದು ಇಪ್ಪತ್ತೇ ಪುಟ.

ನಾಲ್ಕು ಗಂಟೆಗೆ ನಡುಮನೆಯಲ್ಲಿ ಚಾಪೆ ಹಾಸಿ ಊರೆಲ್ಲ ಕೂತಿತು. ಸಂಕವ್ವ ಓದಲು ನಿಂತಳು. ‘ನಾನು ಹಿಂದೆ ಕೂತಿದ್ದೆ. ನನಗೆ ದಾರಿ ಕಾಣಲಿಲ್ಲ, ನಮ್ಮವರ ಬೆನ್ನು ಕಾಣುತ್ತಿತ್ತು,’ ಎಂದು ಶುರು. ಎರಡನೇ ದಿನಕ್ಕೆ ನಮ್ಮೆಲ್ಲರ ಕೂದಲು ಗಾಳಿಗೆ ಕೆದರಿತು. ನಾಲ್ಕನೇ ದಿನ ಜೋತುಬಿಟ್ಟ ಕಾಲುಗಳಿಗೆ ಜೋಮು ಹಿಡಿಯಿತು. ಏಳನೇ ದಿನ ಕಲ್ಲು ರಸ್ತೆ. ಚಾಪೆಗಳ ಮೇಲೆ ಮಿಸುಕಾಟ ಶುರುವಾಯಿತು. ಹತ್ತನೇ ದಿನ ಜಿನ್ನಪ್ಪ, “ನನಗೆ ಮೊದಲೇ ಅನುಭವ ಇದೆ,” ಅಂತ ಎದ್ದು ನಿಂತ. ಹದಿಮೂರಕ್ಕೆ ಹಿಂದಿನ ಸಾಲು ಪೂರ್ತಿ ಎದ್ದಿತು.

ಅಲ್ಲಿಂದ ಮುಂದೆ ನಗು ನಿಂತಿತು. ಅವಳು ಓದುತ್ತಿದ್ದಳು: ‘ಬಿಸಿಲಿಗೆ ಕಣ್ಣು ಬಿಡಲಾಗದೆ ಕೆನ್ನೆಯನ್ನು ಅವರ ಬೆನ್ನಿಗೆ ಆನಿಸಿದೆ. ಅಂಗಿ ಒದ್ದೆಯಾಗಿತ್ತು. ಒಳಗೆ ಎದೆ ಬಡಿಯುವುದು ಕೇಳಿಸಿತು. ಏರಿನಲ್ಲಿ ಜೋರು, ಇಳಿಜಾರಿನಲ್ಲಿ ನಿಧಾನ. ಹೊಳೆ ಬಿಟ್ಟುಹೋದ ಮೇಲೆ ನನಗೆ ಅಂತ ಒಂದು ಊರಿಲ್ಲ ಅಂದುಕೊಂಡಿದ್ದೆ. ಆ ಸದ್ದು ಕೇಳುತ್ತ ಕೇಳುತ್ತ, ಊರು ಇಲ್ಲೇ ಇದೆ, ಇನ್ನು ಎಲ್ಲಿ ಇಳಿದರೂ ಸರಿ ಅನ್ನಿಸಿತು.’ ನನ್ನ ಎಡಗೆನ್ನೆ ಬೆಚ್ಚಗಾಯಿತು. ಬೆವರಿದ ಅಂಗಿಯ ಬಿಸಿ ಅದು. ಪಕ್ಕದಲ್ಲಿ ಭಾಗೀರಥಿ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಹಾಗೆ ನೋಡಿದ್ದು ಕಡಿಮೆ. ಖಾದರ್ ಸಾಬರ ಬೇಗಂ ದುಪಟ್ಟಾ ಮುಖಕ್ಕೆ ಎಳೆದುಕೊಂಡರು. ಅಂಬಕ್ಕ ಮದುವೆಯಾದವರಲ್ಲ. ಅವರು ಅಂಗೈಯನ್ನು ಎಡಗೆನ್ನೆಯ ಮೇಲಿಟ್ಟುಕೊಂಡು, ಓದು ಮುಗಿಯುವ ತನಕ ತೆಗೆಯಲಿಲ್ಲ.

ಬಾವಿ ಕಟ್ಟೆಗೆ ಬಂದು ಪುಸ್ತಕ ಮುಗಿದಾಗ ನಡುಮನೆಯಲ್ಲಿ ಒಬ್ಬರೂ ಕೂತಿರಲಿಲ್ಲ. ಎಲ್ಲರ ಎಡಗೈಯೂ ಸೊಂಟದ ಮೇಲೆ. ಅಂಬಕ್ಕ ಪಂಚೆ ಹಾಸುವುದು ಬೇಡ ಅಂದರು. “ನೂರಾ ನಲವತ್ತು,” ಎಂದು ನಂಬರು ಕೂಗಿದರು. ಮನೆ ಯಾವ ಬೀದಿಯಲ್ಲಿ ಅಂತ ಐದಾರು ಜನ ಆಗಲೇ ಜಗಳ ಶುರುಮಾಡಿದ್ದರು, ಎಲ್ಲರಿಗೂ ತಮ್ಮ ಬೀದಿಯೇ ಆಗಬೇಕು. ನಾನು ಪುಸ್ತಕವನ್ನು ಇಸಿದುಕೊಂಡು ಕಪಾಟಿನಲ್ಲಿಟ್ಟೆ.

ತಿರುಗಿ ಬರುವಾಗ ಗಂಡ ಹೆಂಡತಿ ಇಬ್ಬರೂ ಬಾಗಿಲ ಬಳಿ ನಿಂತಿದ್ದರು. ಅವರ ಪಾಡಿಗೆ ಅವರನ್ನು ಬಿಡಬೇಕಿತ್ತು, ಆದರೆ ಕಿವಿಗೆ ಬಿತ್ತು. ದ್ಯಾಮಣ್ಣ ಅವಳ ಮುಖ ನೋಡದೆ, ಹೊಸಲು ನೋಡುತ್ತ ಹೇಳುತ್ತಿದ್ದ: “ಅಷ್ಟೂ ದಿನ ನೀ ಮಕ್ಕೊಂಡೀದಿ ಅಂತ ತಿಳಕೊಂಡಿದ್ದೆ ನಾ. ನಿದ್ದಿ ಕೆಡಬಾರದಂತ ತಗ್ಗು ತಪ್ಪಿಸಿ ತಪ್ಪಿಸಿ ಹೊಡದೆ.”

“ಗೊತ್ತಿತ್ತು,” ಅಂದಳು ಸಂಕವ್ವ. “ಅದಕ್ಕ ಎಚ್ಚರ ಅದೀನಿ ಅಂತ ಹೇಳ್ಲಿಲ್ಲ.”